ಹೋಗಿ ಬಾ ಎನ್ನುವ ಊರು

ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಹೊರಡುವ ರೈಲುಗಾಡಿಯು ಯಲಹಂಕವನ್ನು ದಾಟಿ, ದೊಡ್ಡಬಳ್ಳಾಪುರವನ್ನು ಹಿಂದಿಕ್ಕಿ, ಮಾಕಳಿದುರ್ಗದ ಬೆಟ್ಟಗಳ ನಡುವೆ ಬಳುಕುತ್ತ ಸಾಗುವಾಗ, ಕಿಟಕಿಯ ಬಳಿ ಕುಳಿತವರು ಮಾತು ನಿಲ್ಲಿಸಿ ಹೊರಗೆ ನೋಡುವುದುಂಟು. ಬಂಡೆಯ ಮೇಲೆ ಬಂಡೆ, ನಡುವೆ ಕುರುಚಲು ಗಿಡ, ಬೆಟ್ಟದ ನೆತ್ತಿಯಲ್ಲಿ ಹಳೆಯ ಕೋಟೆಯ ಗೋಡೆ. ಈ ಹಾದಿಯ ದೊಡ್ಡ ಬದಲಾವಣೆ ಮಾತ್ರ ಕಣ್ಣಿಗೆ ಕಾಣದೆ ಕಿವಿಗೆ ಬೀಳತಕ್ಕದ್ದು. ಯಲಹಂಕದಲ್ಲಿ ಹತ್ತಿದ ಪ್ರಯಾಣಿಕನನ್ನು ಪಕ್ಕದವರು ‘ಎಲ್ಲಿಗೆ ಹೋಗುತ್ತೀರಿ?’ ಎಂದು ವಿಚಾರಿಸುತ್ತಾರೆ. ತೊಂಡೇಬಾವಿಯಲ್ಲಿ ಹತ್ತಿದವನಿಗೆ ಅದೇ ಪ್ರಶ್ನೆ ‘ಯಾಡಿಕಿ ಪೋತಾರು?’ ಎಂದು ಬರುತ್ತದೆ. ಬಾಗಿಲ ಬಳಿ ಚೀಲಗಳ ಮೇಲೆ ಕುಳಿತ ಹುಡುಗರು ತಮ್ಮತಮ್ಮಲ್ಲಿ ಅದನ್ನೇ ಹಿಂದಿಯಲ್ಲಿ ಕೇಳಿಕೊಳ್ಳುತ್ತಿರುತ್ತಾರೆ. ಸುಮಾರು 75 ಕಿಲೋಮೀಟರಿನ ಹಾದಿಯಲ್ಲಿ ಒಂದು ‘ಹೋಗು’ ಮೂರು ವೇಷಗಳನ್ನು ತೊಟ್ಟು ಗೌರಿಬಿದನೂರಿನಲ್ಲಿ ಇಳಿಯುತ್ತದೆ.

ಗೌರಿಬಿದನೂರು ಉತ್ತರ ಪಿನಾಕಿನಿಯ ದಡದ ಊರು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಈ ಹೊಳೆ ಇಲ್ಲಿಂದ ಉತ್ತರಕ್ಕೆ ಹರಿದು ಆಂಧ್ರಪ್ರದೇಶವನ್ನು ಹೊಕ್ಕು, ಪೆನ್ನಾ ಎಂಬ ಹೆಸರು ಹೊತ್ತು, ನೆಲ್ಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ವರ್ಷದ ಬಹುಭಾಗ ಇಲ್ಲಿ ಕಾಣುವುದು ಮರಳು ಮಾತ್ರ. ನೀರು ಹೋದ ಗುರುತು ಉಂಟು, ಬರುವ ಸುಳಿವು ಮಳೆಯ ಕೈಯಲ್ಲಿದೆ. ಆಡಳಿತದ ಲೆಕ್ಕದಲ್ಲಿಯೂ ತಾಲ್ಲೂಕು ಒಮ್ಮೆ ಸ್ಥಳ ಬದಲಾಯಿಸಿದೆ. ಕೋಲಾರ ಜಿಲ್ಲೆಗೆ ಸೇರಿದ್ದ ಇದು 2007ರಲ್ಲಿ ಹೊಸದಾಗಿ ರಚಿತವಾದ ಚಿಕ್ಕಬಳ್ಳಾಪುರ ಜಿಲ್ಲೆಯ ಪಾಲಿಗೆ ಬಂದಿತು.

ಕಿವಿಗೊಟ್ಟು ಕೇಳುವುದು ಈ ತಾಲ್ಲೂಕಿಗೆ ಹೊಸ ವಿದ್ಯೆಯಲ್ಲ. 1965ರಲ್ಲಿ ಇಲ್ಲಿ ಸ್ಥಾಪಿತವಾದ ಭೂಕಂಪನ ಕೇಂದ್ರದ ಉಪಕರಣಗಳು ದೂರದೇಶಗಳ ನೆಲದೊಳಗಿನ ನಡುಕವನ್ನು ಆಲಿಸುತ್ತವೆ. ಕೋಟಾಲದಿನ್ನೆಯ ಬಯಲಿನಲ್ಲಿ 1976ರಿಂದ ಕೆಲಸ ಮಾಡುತ್ತಿರುವ ರೇಡಿಯೋ ದೂರದರ್ಶಕವು ಸೂರ್ಯನಿಂದಲೂ ನಕ್ಷತ್ರಲೋಕದಿಂದಲೂ ಬರುವ ಅಲೆಗಳನ್ನು ಹಿಡಿಯುತ್ತದೆ. ನೆಲದ ದನಿಗೂ ಆಕಾಶದ ದನಿಗೂ ಕಿವಿಯಾದ ಈ ಸೀಮೆಯಲ್ಲಿ ಮನುಷ್ಯರ ಮಾತನ್ನು ಆಲಿಸಬೇಕೆನ್ನುವವರು ಹತ್ತಿರದ ಕುಡುಮಲಕುಂಟೆಗೆ ಹೋಗಬೇಕು.

ಊರಿನ ಹೆಸರಿನಲ್ಲಿಯೇ ಎರಡು ನುಡಿಗಳು ಕೈಹಿಡಿದು ನಿಂತಿವೆ. ಕುಂಟೆಯೆಂದರೆ ಸಣ್ಣ ಕೆರೆ. ಕನ್ನಡದಲ್ಲಿ ಕುಂಟೆ, ತೆಲುಗಿನಲ್ಲಿ ಕುಂಟ. ಮುಂದಿನ ಭಾಗವನ್ನು ಕೇಳಿದೊಡನೆ ತೆಲುಗು ಬಲ್ಲವರಿಗೆ ಗೌರಿ ಗಣೇಶರ ಹಬ್ಬದಲ್ಲಿ ಹಬೆಯಲ್ಲಿ ಬೇಯಿಸುವ ಕುಡುಮುಗಳು, ಎಂದರೆ ಕಡುಬುಗಳು, ನೆನಪಾಗುತ್ತವೆ. ರಾಗಿ, ಮುಸುಕಿನ ಜೋಳಗಳ ಹೊಲಗಳ ನಡುವಣ ಈ ಹಳ್ಳಿಯ ಹೆಸರನ್ನು ಈಗ ಹೊರಗಿನವರು ಬಲ್ಲುದು ಇಲ್ಲಿನ ಕೈಗಾರಿಕಾ ಪ್ರದೇಶದಿಂದ. ಹೊಲದ ಬದುವಿನ ಆಚೆಗೆ ಕಾರ್ಖಾನೆಯ ತಗಡಿನ ಮಾಡು, ಅದರ ಆಚೆಗೆ ಮತ್ತೆ ಹೊಲ. ಪಾಳಿ ಬದಲಾಗುವ ಹೊತ್ತಿಗೆ ರಸ್ತೆಯ ಬದಿಯ ಚಹದಂಗಡಿಗಳು ತುಂಬುತ್ತವೆ. ಸುತ್ತಣ ಹಳ್ಳಿಗಳ ಹುಡುಗರು, ಗಡಿಯಾಚೆಯ ಹಿಂದೂಪುರದ ಕಡೆಯವರು, ಬಿಹಾರ ಬಂಗಾಳಗಳಂತಹ ದೂರದ ರಾಜ್ಯಗಳಿಂದ ಬಂದವರು, ಎಲ್ಲರೂ ಒಂದೇ ಬೆಂಚಿನ ಮೇಲೆ ಕೂಡುತ್ತಾರೆ.

ಈ ಬೆಂಚು ವ್ಯಾಕರಣದ ಪಾಠಶಾಲೆಯೂ ಹೌದು. ಇಲ್ಲಿನ ಹಲವು ಮನೆಗಳಲ್ಲಿ ಒಲೆಯ ಮುಂದೆ ತೆಲುಗು, ಶಾಲೆಯ ಹಲಗೆಯ ಮೇಲೆ ಕನ್ನಡ. ಇದೇ ಜಿಲ್ಲೆಯ ಕೈವಾರದ ನಾರಣಪ್ಪನವರು ತಮ್ಮ ಪದಗಳನ್ನು ಕನ್ನಡ ತೆಲುಗುಗಳೆರಡರಲ್ಲಿಯೂ ಹಾಡಿದವರು. ಹೀಗೆ ಎರಡು ನುಡಿಗಳಲ್ಲಿ ಬಾಳುವವರಿಗೆ ಮೂರನೆಯವನ ತೊದಲು ನಗೆಯನ್ನು ತರುತ್ತದೆ, ಆದರೆ ಬೇಸರವನ್ನು ತರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಬಿಹಾರದ ತರುಣನೊಬ್ಬನು ಇಲ್ಲಿನ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಬಂದನು. ಊರೊಳಗಿನ ಮನೆಯೊಂದರ ಹಿತ್ತಲ ಕಡೆಯ ಕೋಣೆ ಬಾಡಿಗೆಗೆ ದೊರೆಯಿತು. ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ, ಅವರ ಮಗ, ಸೊಸೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಮಗನೂ ಅದೇ ಪ್ರದೇಶದ ಬೇರೊಂದು ಕಾರ್ಖಾನೆಯ ಕೆಲಸಗಾರ. ತರುಣನು ಚುರುಕಾದವನು. ಒಂದು ಪುಟ್ಟ ನೋಟುಪುಸ್ತಕದಲ್ಲಿ ದಿನಕ್ಕೆ ಐದಾರು ಕನ್ನಡ ಮಾತುಗಳನ್ನು ನಾಗರಿ ಅಕ್ಷರಗಳಲ್ಲಿ ಬರೆದುಕೊಳ್ಳುವನು. ಸಂಜೆ ಚಹದಂಗಡಿಯಲ್ಲಿ ಅವುಗಳನ್ನು ಒಪ್ಪಿಸುವನು.

ಮೊದಮೊದಲು ಕೆಲಸ ಸುಗಮವಾಗಿ ಸಾಗಿತು. ಕೂಗು ಎಂದರೆ ಕೂಗಿದನು, ತೂಗು, ತೂಗಿದನು, ಬಾಗು, ಬಾಗಿದನು, ಸಾಗು, ಸಾಗಿದನು. ಕನ್ನಡ ಎಷ್ಟು ಸುಲಭ ಎಂದುಕೊಂಡು ಅವನು ಅದೇ ದಾರಿಯಲ್ಲಿ ‘ಹೋಗಿದನು’ ಎಂದನು. ಬೆಂಚು ನಕ್ಕಿತು. ಹೋಗಿದನು ಅಲ್ಲಪ್ಪಾ, ಹೋದನು. ಹಾಗಾದರೆ ಸಾಗಿತು ಎಂಬಂತೆ ಹೋಗಿತು ಎನ್ನಬಹುದೆ? ಅದೂ ಅಲ್ಲ, ಹೋಯಿತು. ಹೋದನು ಎಂಬಲ್ಲಿ ಮಾಯವಾದ ಗಕಾರವು ‘ಹೋಗಿ ನೋಡಿದನು’ ಎಂಬಲ್ಲಿ ಮತ್ತೆ ಹೇಗೆ ಬಂದಿತು? ಬೆಂಚಿನ ಮೇಲಿದ್ದವರು ಹುಟ್ಟಿದಾರಭ್ಯ ಈ ಮಾತನ್ನು ಆಡಿದವರು. ಈ ಪ್ರಶ್ನೆಯನ್ನು ಅವರು ಎಂದೂ ಕೇಳಿಕೊಂಡಿರಲಿಲ್ಲ.

‘ಬರು’ ಇನ್ನೂ ತುಂಟ. ಏರು ಎಂದರೆ ಏರಿದನು, ಸೇರು ಎಂದರೆ ಸೇರಿದನು. ಬರು ಎಂದರೆ ಮಾತ್ರ ಬಂದನು. ಕರೆಯುವಾಗ ಯಾರೂ ‘ಬರು’ ಎನ್ನುವುದಿಲ್ಲ, ‘ಬಾ’ ಎನ್ನುತ್ತಾರೆ. ಹಿರಿಯರಿಗೆ ‘ಬನ್ನಿ’. ಬರಲಿಲ್ಲ ಎನ್ನುವಾಗ ರೇಫ ಮರಳಿ ಪ್ರತ್ಯಕ್ಷ. ಇದಕ್ಕೆ ‘ತರು’ ಎಂಬ ಅವಳಿಯೊಂದುಂಟು: ತಂದನು, ತಾ, ತನ್ನಿ. ಹೋಗುವಿಗೂ ‘ಆಗು’ ಎಂಬ ಅವಳಿಯಿದೆ: ಆದನು, ಆಯಿತು, ಆಗಿ. ಇಷ್ಟೂ ಸಾಲದೆಂಬಂತೆ ಚಹ ತರುವ ಹುಡುಗನು ಇನ್ನೂ ಒಲೆಯ ಬಳಿಯಲ್ಲಿಯೇ ನಿಂತು ‘ಬಂದೆ ಸಾರ್’ ಎಂದು ಕೂಗುತ್ತಾನೆ. ಬಾರದವನು ಬಂದೆನೆನ್ನುವ ಈ ಭೂತಕಾಲವನ್ನು ಯಾವ ಪಟ್ಟಿಯಲ್ಲಿ ಬರೆದುಕೊಳ್ಳಬೇಕು?

ತೆಲುಗಿನವರು ಸಹಾಯಕ್ಕೆ ಬಂದರೆ ತೊಡಕು ಇಮ್ಮಡಿಸಿತು. ಅಲ್ಲಿ ‘ವಸ್ತಾನು’ ಎಂದರೆ ಬರುತ್ತೇನೆ. ‘ವಚ್ಚಿನಾನು’ ಎಂದರೆ ಬಂದೆನು. ಕರೆಯುವುದಕ್ಕೆ ಮಾತ್ರ ‘ರಾ’. ಬರಲಿಲ್ಲ ಎನ್ನುವುದಕ್ಕೆ ‘ರಾಲೇದು’. ಒಂದೇ ಕ್ರಿಯೆಯ ಎರಡು ರೂಪಗಳಲ್ಲಿ ಒಂದಕ್ಷರದ ಹೋಲಿಕೆಯೂ ಇಲ್ಲ. ಆದರೂ ಭಾಷಾಶಾಸ್ತ್ರಜ್ಞರ ಕಣ್ಣಿಗೆ ಈ ‘ರಾ’ ಕನ್ನಡದ ‘ಬಾ’ಗೆ ಒಡಹುಟ್ಟು. ಎರಡರ ಹಿಂದೆಯೂ ‘ವರ್’ ಎಂಬಂತಹ ಹಳೆಯ ದ್ರಾವಿಡ ಧಾತುವಿದೆ. ಕನ್ನಡವು ವಕಾರವನ್ನು ಬಕಾರ ಮಾಡಿಕೊಂಡಿತು. ತಮಿಳಿನ ವಾಯ್, ವೇರ್, ವಿಲ್ ಇಲ್ಲಿ ಬಾಯಿ, ಬೇರು, ಬಿಲ್ಲು ಆದಂತೆ ವಾ ಎಂಬುದು ಬಾ ಆಯಿತು. ತೆಲುಗು ಸ್ವರವನ್ನು ಹಿಂದುಮುಂದು ಮಾಡಿ ರೇಫವನ್ನು ಮುಂದಕ್ಕೆ ತಂದಿತು. ಕನ್ನಡದ ಎರಡು ಅಲ್ಲಿ ರೆಂಡು, ಒರಳು ಅಲ್ಲಿ ರೋಲು, ಹಾಗೆಯೇ ರಾ. ಇನ್ನು ‘ಪೋ’ ಎಂಬುದನ್ನು ಕೇಳಿದರೆ ಹಳಗನ್ನಡ ಓದಿದವರು ಬೆರಗಾಗಬೇಕು. ಹತ್ತನೆಯ ಶತಮಾನದ ಪಂಪನ ಕನ್ನಡದಲ್ಲಿ ಹೋಗು ಎಂಬುದು ‘ಪೋಗು’ ಆಗಿಯೇ ಇತ್ತು. ಮುಂದೆ ಕನ್ನಡದ ಪಾಲು ಹಾಲಾಯಿತು, ಪಾವು ಹಾವಾಯಿತು, ಪೋಗು ಹೋಗು ಆಯಿತು. ತೆಲುಗು ತನ್ನ ಪಕಾರವನ್ನು ಬಿಡಲಿಲ್ಲ. ಪಂಡಿತರು ಹಸ್ತಪ್ರತಿಗಳಲ್ಲಿ ಹುಡುಕುವ ಆ ಪಕಾರವು ಕುಡುಮಲಕುಂಟೆಯ ಚಹದಂಗಡಿಯಲ್ಲಿ ದಿನಕ್ಕೆ ನೂರು ಬಾರಿ ಪುಕ್ಕಟೆಯಾಗಿ ದೊರೆಯುತ್ತದೆ.

ಕನ್ನಡವೊಂದೇ ಕಲಿಯುವವನನ್ನು ಹೀಗೆ ಆಡಿಸುವುದೆಂದು ದೂರಬೇಕಾಗಿಲ್ಲ. ಯೂರೋಪಿನಲ್ಲಿ ಆಲ್ಪ್ಸ್ ಪರ್ವತಗಳ ಮಗ್ಗುಲಿಗೆ ಸ್ಲೊವೇನಿಯಾ ಎಂಬ ಪುಟ್ಟ ದೇಶವಿದೆ. ಅವರ ನುಡಿಯಲ್ಲಿ ಹೋಗುವುದಕ್ಕೆ ‘ಇತಿ’ ಎನ್ನುತ್ತಾರೆ. ಆದರೆ ‘ಹೋಗುತ್ತೇನೆ’ ಎನ್ನಬೇಕಾದರೆ ‘ಗ್ರೆಮ್’. ‘ಅವಳು ಹೋದಳು’ ಎನ್ನಬೇಕಾದರೆ ‘ಯೆ ಶ್ಲಾ’. ಮುಂದೆ ಹೋಗುವೆನೆನ್ನುವುದಕ್ಕೆ ‘ಪೊಯ್ದೆಮ್’. ಮೂರು ಬೇರೆಬೇರೆ ಧಾತುಗಳು ಒಂದೇ ಕ್ರಿಯಾಪದದ ಮನೆಯಲ್ಲಿ ಸಂಸಾರ ಹೂಡಿವೆ. ಅಲ್ಲಿನ ‘ಇತಿ’ಗೂ ಸಂಸ್ಕೃತದ ‘ಏತಿ’ಗೂ ಮೂಲ ಒಂದೇ. ಆ ಸಂಸ್ಕೃತದ ‘ಇ’ ಧಾತುವಾದರೂ ಒಂದು ಬಗೆಯ ಭೂತಕಾಲದಲ್ಲಿ ಕಣ್ಮರೆಯಾಗಿ ಅದರ ಜಾಗಕ್ಕೆ ‘ಗಾ’ ಬರುತ್ತದೆಂದು ಪಾಣಿನಿಯೇ ವಿಧಿಸಿದ್ದಾನೆ. ಇಂಗ್ಲಿಷಿನ ಗೋ ಎಂಬುದು ಭೂತಕಾಲದಲ್ಲಿ ವೆಂಟ್ ಆಗುವುದನ್ನು ಮಕ್ಕಳೂ ಬಲ್ಲರು. ಬಿಹಾರದ ತರುಣನಿಗೆ ಇದನ್ನು ಹೇಳಿದ್ದರೆ ಅವನು ತನ್ನ ನಾಲಿಗೆಯನ್ನೇ ತಡೆದು ನೋಡಿಕೊಳ್ಳುತ್ತಿದ್ದನು. ಹಿಂದಿಯ ‘ಜಾನಾ’ ಸಂಸ್ಕೃತದ ಯಾ ಧಾತುವಿನ ಸಂತಾನ. ಅದರ ಭೂತಕಾಲವಾದ ‘ಗಯಾ’ ಗತ ಎಂಬುದರಿಂದ ಬಂದುದು. ಅದು ತಾಯಿಯ ಮಾತಾದುದರಿಂದ ಅವನಿಗೆ ಅದರಲ್ಲಿ ವಕ್ರತೆ ಕಂಡಿರಲಿಲ್ಲ, ಅಷ್ಟೆ.

ಹೀಗೇಕೆ? ಅಪರೂಪಕ್ಕೆ ಬಳಸುವ ಮಾತಿನ ಹಳೆಯ ರೂಪವು ಜನರಿಗೆ ಮರೆತುಹೋಗುತ್ತದೆ. ಮರೆತವರು ಅದನ್ನು ಉಳಿದವುಗಳ ಅಚ್ಚಿನಲ್ಲಿ ಹೊಸದಾಗಿ ಎರಕ ಹೊಯ್ಯುತ್ತಾರೆ. ದಿನವೂ ನೂರು ಬಾರಿ ಆಡುವ ಮಾತು ಮರೆಯುವುದಕ್ಕೆ ಅವಕಾಶವೇ ಇಲ್ಲ. ತಾಯಿಯಿಂದ ಮಗುವಿಗೆ ಅದು ಇದ್ದಂತೆಯೇ ದಾಟುತ್ತದೆ, ತನ್ನ ಸವೆತ ಸೊಟ್ಟುಗಳ ಸಮೇತ. ಆದುದರಿಂದ ಕಲಿಯುವವನಿಗೆ ಎಲ್ಲಕ್ಕಿಂತ ಮೊದಲು ಬೇಕಾಗುವ ಮಾತುಗಳೇ ಎಲ್ಲಕ್ಕಿಂತ ಕಷ್ಟದ ಮಾತುಗಳು. ಹೋಗು, ಬರು, ಇರು, ಆಗು, ಕೊಡು ಎಂಬ ಐದನ್ನು ಬಿಟ್ಟು ಯಾವ ಊರಿನಲ್ಲಿ ಒಂದು ದಿನ ಕಳೆಯಲು ಸಾಧ್ಯ?

ತರುಣನು ಸೋಲಲಿಲ್ಲ. ಹೋದೆ, ಹೋದ, ಹೋದಳು, ಹೋದರು, ಹೋಯಿತು ಎಂದು ಮಗ್ಗಿಯಂತೆ ಉರುಹಾಕಿದನು. ವಾರ ಕಳೆಯುವುದರೊಳಗೆ ‘ಹೋಗಿದರು’ ಎಂಬ ಹಳೆಯ ತಪ್ಪು ಅವನ ಬಾಯಿಯಿಂದ ಅಳಿಯಿತು. ಆ ಸರಿಯಾದ ರೂಪವೇ ಒಂದು ಸಂಜೆ ಆ ಮನೆಯವರ ಎದೆಯನ್ನು ನಡುಗಿಸಿಬಿಟ್ಟಿತು.

ಅಜ್ಜಿಗೆ ಮೊದಲಿನಿಂದಲೂ ಉಬ್ಬಸದ ತೊಂದರೆಯಿತ್ತು. ಒಂದು ಮಧ್ಯಾಹ್ನ ಅದು ಜೋರಾಗಿ, ಸೊಸೆಯು ಆಟೋ ಕರೆಸಿ ಅವರನ್ನು ಗೌರಿಬಿದನೂರಿನ ಆಸ್ಪತ್ರೆಗೆ ಕರೆದುಕೊಂಡು ಹೊರಟಳು. ಮಕ್ಕಳನ್ನು ಪಕ್ಕದ ಬೀದಿಯ ಬಂಧುಗಳ ಮನೆಯಲ್ಲಿ ಬಿಟ್ಟಳು. ಮಗನು ಕಾರ್ಖಾನೆಯಲ್ಲಿದ್ದನು. ಒಳಗೆ ಮೊಬೈಲು ಒಯ್ಯುವಂತಿರಲಿಲ್ಲ. ಹಿತ್ತಲ ಕೋಣೆಯ ತರುಣನಿಗೆ ಅಂದು ರಜೆ. ‘ಇವರು ಬಂದರೆ ಹೇಳಪ್ಪ’ ಎಂದಷ್ಟೇ ಹೇಳಿ ಸೊಸೆಯು ಆಟೋ ಹತ್ತಿದಳು.

ಸಂಜೆ ಮಗನು ಬಂದನು. ಬಾಗಿಲಿಗೆ ಬೀಗ. ಜಗಲಿಯ ಮೇಲೆ ತರುಣನೊಬ್ಬನೇ. ‘ಅಮ್ಮ ಎಲ್ಲಿ?’ ಎಂದು ಮಗನು ಕೇಳಿದನು. ತರುಣನು ಎದ್ದು ನಿಂತು, ಗೌರವದ ಬಹುವಚನವನ್ನೂ ಮರೆಯದೆ, ಒಂದು ವಾರದಿಂದ ಉರುಹಾಕಿದ ರೂಪವನ್ನು ತಪ್ಪಿಲ್ಲದೆ ಹೇಳಿದನು: ‘ಅಜ್ಜಿ ಹೋದರು.’

ಮಗನು ಕೈಯಲ್ಲಿದ್ದ ಊಟದ ಡಬ್ಬಿಯನ್ನು ಕೆಳಗಿಟ್ಟು ಜಗಲಿಯ ಕಂಬಕ್ಕೆ ಒರಗಿದನು. ಬಾಯಿಂದ ಮಾತು ಹೊರಡಲಿಲ್ಲ. ತನ್ನ ಕನ್ನಡ ಅರ್ಥವಾಗಲಿಲ್ಲವೇನೋ ಎಂದು ತರುಣನು ಇನ್ನಷ್ಟು ವಿವರಿಸಿದನು: ‘ಮೂರು ಗಂಟೆಗೆ ಹೋದರು.’ ಮಗನು ಕುಸಿದು ಕುಳಿತನು. ಎದುರು ಮನೆಯ ಹೆಂಗಸು ಹೊರಗೆ ಬಂದಳು. ಏನೋ ಅನಾಹುತವಾಗಿದೆಯೆಂದು ತರುಣನಿಗೆ ಹೊಳೆದದ್ದು ಆಗ. ಗಾಬರಿಯಲ್ಲಿ ಅವನ ವ್ಯಾಕರಣವೆಲ್ಲ ಹಾರಿಹೋಗಿ, ‘ಆಟೋ... ಆಸ್ಪತ್ರೆ... ಅಜ್ಜಿ ಬರ್ತಾರೆ, ಬರ್ತಾರೆ’ ಎಂದು ತೊದಲಿದನು. ‘ಬರ್ತಾರೆ’ ಎಂಬ ಆ ಒಂದು ಮಾತಿಗೆ ಮಗನ ಮುಖಕ್ಕೆ ರಕ್ತ ಮರಳಿತು.

ಒಬ್ಬರ ವಿಷಯದಲ್ಲಿ, ಅದರಲ್ಲಿಯೂ ವಯಸ್ಸಾಗಿ ಕಾಯಿಲೆಯಲ್ಲಿರುವವರ ವಿಷಯದಲ್ಲಿ, ಎಲ್ಲಿಗೆಂಬುದನ್ನು ಹೇಳದೆ ಬರಿದೆ ‘ಹೋದರು’ ಎಂದರೆ ಕನ್ನಡದಲ್ಲಿ ಅದಕ್ಕೆ ಒಂದೇ ಅರ್ಥ. ತೆಲುಗಿನ ‘ಪೋಯಿನಾರು’ ಎಂಬುದಕ್ಕೂ ಅದೇ ನೆರಳು. ಹಿಂದಿಯಲ್ಲಿಯೂ ‘ಚಲೇ ಗಯೇ’ ಎಂದು ದನಿ ತಗ್ಗಿಸಿ ಹೇಳಿದರೆ ಕೇಳಿದವರು ತಲೆ ತಗ್ಗಿಸುತ್ತಾರೆ. ತರುಣನು ತನ್ನ ನುಡಿಯಲ್ಲಾಗಿದ್ದರೆ ಈ ತಪ್ಪನ್ನು ಮಾಡುತ್ತಿರಲಿಲ್ಲ. ಕಲಿತ ನುಡಿಯಲ್ಲಿ ರೂಪಗಳು ಬೇಗ ಕೈಗೆ ಸಿಗುತ್ತವೆ, ಅವುಗಳ ಹಿಂದಿನ ನೆರಳು ಕಾಣುವುದು ತಡವಾಗಿ. ವಿನೋದವೆಂದರೆ, ಬೆಂಚಿನವರು ನಕ್ಕು ತಿದ್ದಿದ ಆ ಹಳೆಯ ‘ಹೋಗಿದರು’ ಎಂಬುದನ್ನೇ ಅವನು ಆಡಿದ್ದರೆ ಅದು ‘ಹೋಗಿದ್ದಾರೆ’ ಎಂದು ಕೇಳಿಸಿ ಯಾವ ಅಪಾಯವೂ ಆಗುತ್ತಿರಲಿಲ್ಲ.

ಮಗನು ತರುಣನನ್ನು ಬೈಯಲಿಲ್ಲ. ಮೋಟಾರ್ ಸೈಕಲಿನ ಹಿಂದೆ ಅವನನ್ನೇ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟನು. ಅಲ್ಲಿ ಅಜ್ಜಿ ಹಾಸಿಗೆಯ ಮೇಲೆ ಎದ್ದು ಕುಳಿತು ಕಾಫಿಯಲ್ಲಿ ಬನ್ನು ಅದ್ದಿಕೊಂಡು ತಿನ್ನುತ್ತಿದ್ದರು. ನಡೆದುದನ್ನು ಕೇಳಿ ಅವರು ಕೆಮ್ಮು ಬರುವಷ್ಟು ನಕ್ಕರು. ಮಗನ ಕಣ್ಣನ್ನು ನೋಡಿ ನಗುವನ್ನು ನಿಲ್ಲಿಸಿ, ತಲೆತಗ್ಗಿಸಿ ನಿಂತ ತರುಣನನ್ನು ಹತ್ತಿರಕ್ಕೆ ಕರೆದರು.

‘ಹೋದರು ಅನ್ನಬಾರದು ನಾಯನಾ, ಹೋಗಿದ್ದಾರೆ ಅನ್ನಬೇಕು. ನಾನು ಇನ್ನೂ ಇದ್ದೀನಲ್ಲ!’

ವ್ಯಾಕರಣವನ್ನು ಬಲ್ಲವರು ಇದಕ್ಕಿಂತ ಚೊಕ್ಕವಾಗಿ ಹೇಳುವುದು ಕಷ್ಟ. ‘ಹೋಗಿದ್ದಾರೆ’ ಎಂಬ ಮಾತನ್ನು ಬಿಡಿಸಿದರೆ ‘ಹೋಗಿ ಇದ್ದಾರೆ’ ಎಂದಾಗುತ್ತದೆ. ಆಸ್ಪತ್ರೆಗೆ ಹೋದವರು, ಪೇಟೆಗೆ ಹೋದವರು, ಪರದೇಶಕ್ಕೆ ಹೋದವರು ಕಣ್ಣಮುಂದೆ ಇಲ್ಲದಿದ್ದರೂ ಅವರ ಇರವು ಆ ಕ್ರಿಯಾಪದದೊಳಗೆ ಭದ್ರವಾಗಿರುತ್ತದೆ. ಶಾಲೆಯ ಪುಸ್ತಕಗಳು ಇದನ್ನು ಕಾಲಭೇದವೆಂದು ವಿವರಿಸುತ್ತವೆ. ಅಜ್ಜಿಗೆ ಅದು ಪ್ರಾಣಭೇದ.

ಅಜ್ಜಿಯೂ ಒಂದು ಕಾಲಕ್ಕೆ ಈ ಪಾಠವನ್ನು ಕಲಿತವರೇ. ಹಿಂದೂಪುರದ ಕಡೆಯ ಹಳ್ಳಿಯಿಂದ ಸೊಸೆಯಾಗಿ ಬಂದಾಗ ಅವರಿಗೆ ತೆಲುಗಲ್ಲದೆ ಬೇರೆ ನುಡಿ ತಿಳಿಯದು. ಮನೆಗೆ ಬಂದ ಕನ್ನಡದ ನೆಂಟರನ್ನು ಗೌರವದಿಂದ ಕರೆಯಬೇಕೆಂದು, ತೆಲುಗಿನ ‘ಅಂಡಿ’ಯನ್ನು ಕನ್ನಡದ ‘ಬಾ’ಗೆ ಅಂಟಿಸಿ, ‘ಬಂಡಿ, ಬಂಡಿ’ ಎಂದರಂತೆ. ನೆಂಟರು ಬಂಡಿಯೆಲ್ಲಿ ಎಂದು ಹಿಂದಿರುಗಿ ಬೀದಿಯನ್ನು ನೋಡಿದರಂತೆ. ‘ಆ ದಿನ ನಮ್ಮತ್ತೆ ನಕ್ಕರು, ಆದರೆ ಒಳಗೆ ಕರೆದು ಬನ್ನಿ ಅಂತ ಹತ್ತು ಸಲ ಹೇಳಿಸಿದರು’ ಎಂದು ಅಜ್ಜಿ ಹೇಳಿದರು. ಆ ರಾತ್ರಿ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಅವರು ತರುಣನಿಂದ ‘ಹೋಗಿದ್ದಾರೆ’ ಎಂದು ಹತ್ತು ಸಲ ಹೇಳಿಸಿದರು.

ಅಂದಿನಿಂದ ನೋಟುಪುಸ್ತಕದ ಪಟ್ಟಿಗಳು ಬದಲಾದವು. ಮನೆಯಿಂದ ಹೊರಡುವಾಗ ಬರಿಯ ‘ಹೋಗುತ್ತೇನೆ’ ಎನ್ನಬಾರದು, ‘ಹೋಗಿ ಬರುತ್ತೇನೆ’ ಎನ್ನಬೇಕು. ಹೊರಟವರಿಗೆ ‘ಹೋಗಿ’ ಎಂದರೆ ಅಟ್ಟಿದಂತೆ, ‘ಹೋಗಿ ಬನ್ನಿ’ ಎಂದರೆ ಹರಸಿದಂತೆ. ಹೊಸ್ತಿಲು ದಾಟಿದವರನ್ನು ‘ಎಲ್ಲಿಗೆ’ ಎಂದು ಕೂಗಿ ಕೇಳಬಾರದು. ಸಾವಾದ ಮನೆಯಿಂದ ಹೊರಡುವಾಗ ಮಾತ್ರ ಯಾರೂ ‘ಬರುತ್ತೇನೆ’ ಎನ್ನುವುದಿಲ್ಲ; ಸುಮ್ಮನೆ ಎದ್ದು ನಡೆಯುತ್ತಾರೆ. ಒಂದು ಮಾತಿಗೆ ಎಷ್ಟು ಶಕ್ತಿಯಿದೆಯೆಂಬುದು ಅದನ್ನು ಆಡದೆ ಬಿಡುವ ಜಾಗದಲ್ಲಿ ತಿಳಿಯುತ್ತದೆ. ಕೋಣೆಯಲ್ಲಿ ಜೊತೆಗಿದ್ದ ಬಂಗಾಳದ ಹುಡುಗನಿಗೆ ಇದು ಹೊಸದಾಗಿ ಕಾಣಲಿಲ್ಲ. ಅವನ ಸೀಮೆಯಲ್ಲಿ ಹೊರಡುವವರು ‘ಆಶಿ’ ಎನ್ನುತ್ತಾರೆ. ಅದರ ಅರ್ಥವೂ ಬರುತ್ತೇನೆ ಎಂದೇ. ಅಜ್ಜಿ ತೆಲುಗಿನಲ್ಲಿ ‘ಪೋಯಿ ರಾ’ ಎಂದರೆ ಅದು ಕನ್ನಡದ ‘ಹೋಗಿ ಬಾ’ ಎಂಬುದರ ಪಡಿಯಚ್ಚು. ರೂಪಗಳು ನುಡಿಯಿಂದ ನುಡಿಗೆ ಎಷ್ಟೇ ವಕ್ರವಾಗಲಿ, ಹೋಗುವುದನ್ನು ಒಂಟಿಯಾಗಿ ಬಿಡಬಾರದೆಂಬ ಕಳಕಳಿ ಇವೆಲ್ಲಕ್ಕೂ ಸಮಾನ.

ಈ ಕಳಕಳಿಗೆ ಸೀಮೆಯಲ್ಲಿ ಇತಿಹಾಸದ ಸಾಕ್ಷಿಯೂ ಉಂಟು. ಗೌರಿಬಿದನೂರಿನಿಂದ ಕೆಲವೇ ಕಿಲೋಮೀಟರು ದೂರದಲ್ಲಿ, ಸಾವಿರಾರು ನಾಗರಕಲ್ಲುಗಳು ಸಾಲುಗಟ್ಟಿ ನಿಂತ ವಿದುರಾಶ್ವತ್ಥ ಕ್ಷೇತ್ರವಿದೆ. 1938ರ ಏಪ್ರಿಲ್ 25ರಂದು ಕಾಂಗ್ರೆಸ್ಸಿನ ಧ್ವಜವನ್ನು ಹಾರಿಸುವ ಸತ್ಯಾಗ್ರಹಕ್ಕೆ ಅಲ್ಲಿ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಬೆಳಗ್ಗೆ ಮನೆಯಿಂದ ಹೊರಟವರಲ್ಲಿ ಅನೇಕರು ಸಂಜೆ ಮರಳಲಿಲ್ಲ. ಅವರ ನೆನಪಿನ ಸ್ಮಾರಕವು ಇಂದು ಅಲ್ಲಿದೆ. ಅಂದು ಹೊರಡುವಾಗ ಅವರು ಆಡಿದ ಕೊನೆಯ ಮಾತು ಯಾವುದಿರಬಹುದೆಂದು ಊಹಿಸುವುದು ಈ ಸೀಮೆಯವರಿಗೆ ಕಷ್ಟವಲ್ಲ. ‘ಹೋಗಿ ಬರುತ್ತೇನೆ’ ಎಂಬುದು ಎಲ್ಲ ಸಲವೂ ನೆರವೇರುವ ಭಾಷೆಯಲ್ಲ. ಅದಕ್ಕಾಗಿಯೇ ಅದನ್ನು ಪ್ರತಿಸಲವೂ ಹೇಳಬೇಕು.

ದಿನ ಕಳೆದಂತೆ ತರುಣನ ತಪ್ಪುಗಳು ಕಡಿಮೆಯಾದವು. ‘ನಿನಗೆ ಕನ್ನಡ ಬರುತ್ತದೆಯೇ?’ ಎಂದು ಹೊಸಬರು ಯಾರಾದರೂ ಕೇಳಿದರೆ, ‘ಬರುತ್ತದೆ’ ಎನ್ನುವಷ್ಟು ಧೈರ್ಯ ಬಂದಿತು. ಈ ಬರುವಿಕೆಯೂ ವಿಚಿತ್ರವಾದುದೇ. ಇಂಗ್ಲಿಷಿನವರು ನುಡಿಯನ್ನು ತಿಳಿಯುತ್ತಾರೆ. ಕನ್ನಡದವರಿಗೆ ನುಡಿ ಬರುತ್ತದೆ. ತೆಲುಗಿನಲ್ಲಿ ಅದೇ ಕ್ರಿಯಾಪದದಿಂದ ‘ವಚ್ಚು’ ಎನ್ನುತ್ತಾರೆ, ಹಿಂದಿಯಲ್ಲಿ ‘ಆತೀ ಹೈ’ ಎನ್ನುತ್ತಾರೆ. ಮನುಷ್ಯನು ಹೋಗಿ ನುಡಿಯನ್ನು ಹಿಡಿದು ತರಲಾರನು. ಅವನು ಅದರ ಊರಿನಲ್ಲಿ ಬಾಗಿಲು ತೆರೆದು ಇರಬೇಕು, ಅದು ತಾನಾಗಿ ಬರಬೇಕು. ಬಂದಾಗ ಅದು ಒಬ್ಬ ಅಜ್ಜಿಯ ಕೆಮ್ಮನ್ನೂ ನಗುವನ್ನೂ ಜೊತೆಗೆ ತರುತ್ತದೆ.

ದೀಪಾವಳಿ ಕಳೆದ ಮೇಲೆ ಬಿಹಾರದಲ್ಲಿ ಛಠ್ ಹಬ್ಬ. ತರುಣನು ರಜೆ ಪಡೆದು ಊರಿ​ಗೆ ಹೊರಟನು. ಎರಡು ಚೀಲ, ಮಕ್ಕಳು ಕೊಟ್ಟ ಒಂದು ಪೊಟ್ಟಣ ಕಡಲೆಕಾಯಿ. ಜಗಲಿಯ ಮೇಲೆ ಕುಳಿತ ಅಜ್ಜಿಯ ಕಾಲು ಮುಟ್ಟಿ, ‘ಹೋಗಿ ಬರ್ತೀನಿ ಅಜ್ಜಿ’ ಎಂದನು. ‘ಪೋಯಿ ರಾ ನಾಯನಾ’ ಎಂದು ಅವರು ಹರಸಿದರು. ಆಟೋ ಬೀದಿಯ ತಿರುವಿನಲ್ಲಿ ಮರೆಯಾಯಿತು.

ನಾಲ್ಕು ದಿನಗಳ ಮೇಲೆ ಚಹದಂಗಡಿಯ ಹುಡುಗನು ಹಾಲು ಕೊಡಲು ಬಂದಾಗ ಹಿತ್ತಲ ಕೋಣೆಯ ಬೀಗವನ್ನು ನೋಡಿ, ‘ಏನಜ್ಜಿ, ಬಿಹಾರದ ಹುಡುಗ ಹೋದನಾ?’ ಎಂದು ಕೇಳಿದನು. ಅಜ್ಜಿ ಹಾಲಿನ ಪಾತ್ರೆಯನ್ನು ಕೆಳಗಿಟ್ಟು ಅವನನ್ನು ದುರುಗುಟ್ಟಿಕೊಂಡು ನೋಡಿದರು.

‘ಹೋದನಾ ಅನ್ನಬೇಡ. ಊರಿಗೆ ಹೋಗಿದ್ದಾನೆ.’